ನಮ್ಮ ಮನೆಯ ರಾಕ್ ಇತಿಹಾಸಕಾರರು

ನಮ್ಮ ಯಜಮಾನರ ಎಡಗೈ ಮಣಿಕಟ್ಟಿನಲ್ಲಿ ಒಂದು ಬಟ್ಟೆಯ ಪಟ್ಟಿ ಇದೆ. ಬಂದಾಗ ಅದು ಒಳ್ಳೆಯ ನವಿಲು ಬಣ್ಣದ್ದಾಗಿತ್ತು. ಈಗ ಅದು ಯಾವ ಬಣ್ಣ ಎಂದು ಹೇಳಲು ಚಿಕ್ಕಪೇಟೆಯ ಸೀರೆ ಅಂಗಡಿಯವರಿಂದಲೂ ಆಗಲಿಕ್ಕಿಲ್ಲ. ಮೂರು ನಾಲ್ಕು ತಿಂಗಳ ಸ್ನಾನದ ನೀರು, ಪಾತ್ರೆ ಸೋಪು, ಹಿತ್ತಿಲಿನ ಟೊಮ್ಯಾಟೊ ಗಿಡದ ಮಣ್ಣು, ಒಂದು ಭಾನುವಾರದ ಉಪ್ಪಿನಕಾಯಿ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ಕತ್ತರಿಸಿ ಬಿಸಾಕಿ ಎಂದು ನಾನು ಹೇಳಿದ್ದೇ ಹೇಳಿದ್ದು. ಕತ್ತರಿ ಹಿಡಿದು ಹತ್ತಿರ ಹೋದರೆ ಇಂಜೆಕ್ಷನ್ ಕಂಡ ಮಗುವಿನ ಹಾಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಅರವತ್ತೊಂದು ವರ್ಷ ತುಂಬಿದ ಮನುಷ್ಯರು ಇವರು!

ಮೊನ್ನೆ ದೇವಸ್ಥಾನದಲ್ಲಿ ಒಬ್ಬರು ಆಂಟಿ ಅದನ್ನು ನೋಡಿ, "ಯಾವ ಕ್ಷೇತ್ರದ ರಕ್ಷೆ?" ಎಂದು ಕೇಳಿದರು. ಇವರು ಬಾಯಿ ಬಿಡುವುದರೊಳಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಬಿಟ್ಟರು. ನನಗೆ ಅಲ್ಲೇ ನೆಲದೊಳಗೆ ಇಳಿದುಹೋಗುವಂತಾಯಿತು. ಅದು ಯಾವ ದೇವರ ರಕ್ಷೆಯೂ ಅಲ್ಲ. ರಾಕ್ ಸಂಗೀತದ ಹಬ್ಬವೊಂದಕ್ಕೆ ಒಳಗೆ ಬಿಡಲು ಟಿಕೆಟ್ಟಿನ ಬದಲು ಕೊಡುವ ಪಟ್ಟಿ. ಒಮ್ಮೆ ಬಿಗಿದರೆ ಕತ್ತರಿಸಿಯೇ ತೆಗೆಯಬೇಕು. ಅಂಚೆಯಲ್ಲಿ ಬಂದ ದಿನವೇ, ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗಲೇ, ಇವರು ಅದನ್ನು ಬಿಗಿದುಕೊಂಡು ಕೂತರು.

ಹಬ್ಬದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನು ಬರೆದದ್ದು ತಪ್ಪು ಎನ್ನುತ್ತಾರೆ. ಮೊದಲ ವರ್ಷ ಅದಕ್ಕೆ ಬೇರೆ ಹೆಸರಿತ್ತಂತೆ, ಮೂರನೇ ವರ್ಷ ಇನ್ನೊಂದು ಸೇರಿಕೊಂಡಿತಂತೆ, ಹೆಸರಿನ ಮೇಲೇ ಕೋರ್ಟಿನಲ್ಲಿ ಕೇಸು ನಡೆಯಿತಂತೆ. ನಿಮಗೆ ಬೇಕೋ? ನನಗಂತೂ ಬೇಡ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಹಬ್ಬದ ಇತಿಹಾಸವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಎರಡನೇ ದಿನ ಮಧ್ಯಾಹ್ನ ಯಾರು ಹಾಡಿದರು ಎಂದು ಹೇಳಬಲ್ಲೆ. ಇವರಿಗೆ ಮಾತ್ರ ಅಂಗಡಿಗೆ ಕಳಿಸಿದರೆ ಮೊಸರು ತರಬೇಕೆಂಬುದು ಪಾರ್ಕಿಂಗ್ ಲಾಟಿನಲ್ಲೇ ಮರೆತುಹೋಗುತ್ತದೆ.

ಹನಿಮೂನಿಗೆ ಊಟಿಗೆ ಹೋಗಿದ್ದೆವು. ಕೆರೆಯಲ್ಲಿ ದೋಣಿ ಹತ್ತಿದ ಮೇಲೆ ಇವರು ನನ್ನ ಕೈ ಹಿಡಿದುಕೊಂಡರು. ಏನೋ ಹೇಳುತ್ತಾರೆ ಎಂದು ನಾಚಿಕೊಂಡು ತಲೆ ತಗ್ಗಿಸಿದೆ. "ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ ಒಂದು ಹೊಲ ಇತ್ತು ವಸು," ಎಂದು ಶುರು ಮಾಡಿದರು. ಆ ಹೊಲದಲ್ಲಿ ದನ ಮೇಯುತ್ತಿದ್ದವಂತೆ. ಯಾರೋ ನಾಲ್ಕು ಜನ ಹುಡುಗರು ಹೋಗಿ ಹೊಲದ ಯಜಮಾನನನ್ನು ಕೇಳಿಕೊಂಡರಂತೆ. ಅವನು ದನಗಳನ್ನು ಪಕ್ಕದ ಹೊಲಕ್ಕೆ ಹೊಡೆದು ಜಾಗ ಕೊಟ್ಟನಂತೆ. ಬಂದ ಜನ ನೋಡಿ ದನಗಳೇ ಬೆಪ್ಪಾದವಂತೆ. ಆಮೇಲೆ ಮಳೆ, ಕೆಸರು, ವಾಲಿಕೊಂಡ ವೇದಿಕೆ. ದೋಣಿ ಕೆರೆಯನ್ನು ಎರಡು ಸುತ್ತು ಹಾಕಿದರೂ ಮೊದಲನೇ ದಿನವೇ ಮುಗಿದಿರಲಿಲ್ಲ. ದೋಣಿಯವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

ಆ ಹಬ್ಬ ಹೊಲದಲ್ಲೇ ಮುಗಿದಿದ್ದರೆ ನಾನೂ ಬದುಕಿಕೊಳ್ಳುತ್ತಿದ್ದೆ. ಅದು ಸಮುದ್ರ ದಾಟಿತು. ಒಂದು ವರ್ಷ ಒಂದು ದೇಶ, ಇನ್ನೊಂದು ವರ್ಷ ಇನ್ನೊಂದು. ಒಂದು ಕಡೆ ಸರ್ಕಾರವೇ ಬೇಡ ಅಂದಿತು, ಒಂದು ಕಡೆ ಗಾಳಿಗೆ ವೇದಿಕೆಯ ಚಾವಣಿ ಹಾರಿತು, ಒಂದು ಕಡೆ ಹಾಡುಗಾರರು ಬಂದರು ಆದರೆ ಅವರ ವಾದ್ಯಗಳು ಬೇರೆ ದೇಶಕ್ಕೆ ಹೋದವು. ಇದನ್ನೆಲ್ಲ ಇವರು ಎಂಜಿನಿಯರಿಂಗ್ ಓದುವಾಗ ಮೈಸೂರಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹರಿದ ಇಂಗ್ಲಿಷ್ ಪತ್ರಿಕೆಗಳನ್ನು ಹುಡುಕಿ ಹುಡುಕಿ, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು. ಪಾಠದ ನೋಟ್ಸನ್ನು ಬೇರೆಯವರಿಂದ ಕಾಪಿ ಮಾಡುತ್ತಿದ್ದರಂತೆ, ಇದನ್ನು ಮಾತ್ರ ಸ್ವಂತ ಕೈಯಲ್ಲಿ.

ಅಮೆರಿಕಕ್ಕೆ ಬಂದ ಮೇಲೆ ನನ್ನ ಕಷ್ಟ ಇಮ್ಮಡಿಯಾಯಿತು. ಇಲ್ಲಿ ಒಂದು ವಯಸ್ಸು ದಾಟಿದ ಗಂಡಸರೆಲ್ಲ ಆ ಮೊದಲ ವರ್ಷದ ಹೊಲದಲ್ಲಿ ನಾನಿದ್ದೆ ಎನ್ನುವವರೇ. ನಮ್ಮ ನಲ್ಲಿ ರಿಪೇರಿಯವನು ಇದ್ದನಂತೆ, ಇನ್ಶೂರೆನ್ಸ್ ಏಜೆಂಟ್ ಇದ್ದನಂತೆ. ಎಲ್ಲರೂ ಇದ್ದಿದ್ದರೆ ಹೊಲ ಸಾಲುತ್ತಿರಲಿಲ್ಲ, ನ್ಯೂಜೆರ್ಸಿಯನ್ನೇ ಖಾಲಿ ಮಾಡಿಸಬೇಕಾಗುತ್ತಿತ್ತು. ಇವರು ಸುಮ್ಮನಿರುತ್ತಾರೆಯೇ? ನಮ್ಮ ಡೆಂಟಿಸ್ಟ್ ಒಮ್ಮೆ ಇವರ ಬಾಯಲ್ಲಿ ಹತ್ತಿ ತುರುಕುತ್ತಾ, "ಓಹ್, ಐ ವಾಸ್ ದೇರ್," ಅಂದುಬಿಟ್ಟ. ಇವರು ಹತ್ತಿಯನ್ನು ಕೈಯಾರೆ ತೆಗೆದು, "ಯಾವ ದಿನ? ವೇದಿಕೆಯ ಎಡಗಡೆಯೋ ಬಲಗಡೆಯೋ? ಮಳೆ ಬಂದದ್ದು ಯಾರು ಹಾಡುವಾಗ?" ಎಂದು ಪಾಟೀಸವಾಲು ಶುರು ಮಾಡಿದರು. ಮೂರನೇ ಪ್ರಶ್ನೆಗೆ ಆ ಮುದುಕ ಕೆಂಪಾಗಿ, ತಾನು ಹೋಗಿರಲಿಲ್ಲ, ತನ್ನ ಅಣ್ಣ ಹೋಗಿದ್ದ ಎಂದು ಒಪ್ಪಿಕೊಂಡ. ಇವರು ವಿಜಯದ ನಗೆ ನಕ್ಕು ಮತ್ತೆ ಬಾಯಿ ತೆರೆದರು. ಆ ದಿನ ಅವನು ಸೂಜಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದ ಎಂಬುದು ನನ್ನ ಅನುಮಾನ.

"ಪಾಪ, ಏನೋ ಹೇಳ್ಕೊಂಡ್ರೆ ನಿಮಗೇನ್ರೀ ಗಂಟು ಹೋಗೋದು?" ಎಂದು ಕಾರಿನಲ್ಲಿ ಬೈದೆ.

"ಇತಿಹಾಸ ಅಂದ್ರೆ ಇತಿಹಾಸ ಕಣೇ. ಅಲ್ಲಿ ಇದ್ರೆ ಇದ್ದೆ ಅನ್ಬೇಕು, ಇಲ್ದಿದ್ರೆ ಇಲ್ಲ ಅನ್ಬೇಕು," ಅಂದರು.

ಈ ಇತಿಹಾಸದಲ್ಲಿ ಒಬ್ಬ ಗಡ್ಡದವನಿದ್ದಾನೆ. ನಾನು ಅವನನ್ನು ಗಡ್ಡಪ್ಪ ಎಂದೇ ಕರೆಯುವುದು. ಮೊದಲ ವರ್ಷ ಅವನು ಯಾರಿಗೂ ಗೊತ್ತಿಲ್ಲದ ಹುಡುಗ. ಸಂಜೆ ಹಾಡಬೇಕಾದವನಿಗೆ ಸರದಿ ಬಂದದ್ದು ಮರುದಿನ ಬೆಳಿಗ್ಗೆ, ಅರ್ಧ ಜನ ನಿದ್ದೆ ಮಾಡುತ್ತಿದ್ದಾಗ. ಅವನು ಕೊನೆಗೆ ಒಂದು ಹಾಡು ಹಾಡಿದನಂತೆ, ಮಲಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಕೂತರಂತೆ. ಅಂದಿನಿಂದ ಯಾವ ದೇಶದಲ್ಲಿ ಹಾಡಿದರೂ ಅವನು ಮುಗಿಸುವುದು ಅದೇ ಹಾಡಿನಿಂದ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿ ಇಳಿಸಿ ನವೆದುಹೋದ ಆ ಹಾಡು ಇವರ ಹಾಸ್ಟೆಲ್ ರೂಮಿಗೆ ಬಂದಾಗ, ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚಿತ್ತಂತೆ. ಆ ವಾರ ಇವರು ಎರಡು ಸಬ್ಜೆಕ್ಟಿನಲ್ಲಿ ಫೇಲಾಗಿದ್ದರು. ಮನೆಗೆ ಹೋಗುವ ಧೈರ್ಯವಿಲ್ಲದೆ ಮೂರು ದಿನ ಊಟ ಬಿಟ್ಟು ರೂಮಿನಲ್ಲಿ ಬಿದ್ದುಕೊಂಡಿದ್ದರು. "ಆ ಹಾಡು ಕೇಳದೇ ಇದ್ದಿದ್ರೆ ನಾನು ಎದ್ದು ಮನೆಗೆ ಹೋಗ್ತಾನೇ ಇರ್ಲಿಲ್ಲ ವಸು. ಎಲ್ಲಿಗೆ ಹೋಗ್ತಿದ್ನೋ ಗೊತ್ತಿಲ್ಲ," ಎಂದು ಒಮ್ಮೆ ಹೇಳಿದರು. ಉಳಿದದ್ದನ್ನೆಲ್ಲ ನೂರು ಸಲ ಹೇಳಿರುವ ಮನುಷ್ಯ ಇದನ್ನು ಹೇಳಿದ್ದು ಒಂದೇ ಒಂದು ಸಲ. ಆಗ ನಾನು ತಮಾಷೆ ಮಾಡಲಿಲ್ಲ.

ಗಡ್ಡಪ್ಪನ ಬಾಯಿಂದ ಆ ಹಾಡನ್ನು ಎದುರಿಗೆ ಕೂತು ಕೇಳಬೇಕು. ಇವರಿಗಿದ್ದ ಆಸೆ ಅದೊಂದೇ. ಕಾರು ಕೊಳ್ಳುವಾಗಲೂ ಮನೆ ಕೊಳ್ಳುವಾಗಲೂ, "ನಿನಗೆ ಯಾವುದು ಇಷ್ಟವೋ ಅದು," ಎಂದವರು ಇದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅವನು ಈ ಕಡೆ ಬಂದಾಗಲೆಲ್ಲ ನಮಗೆ ಏನಾದರೊಂದು. ಒಮ್ಮೆ ನಮ್ಮತ್ತೆ ತೀರಿಕೊಂಡು ಸೂತಕ. ಒಮ್ಮೆ ನಮ್ಮ ಮಗಳು ಮೇಘ ಹುಟ್ಟಿ ಹನ್ನೊಂದು ದಿನ. ಒಮ್ಮೆ ಇವರ ಕೆಲಸ ಹೋಗಿ, ವೀಸಾದ ಚಿಂತೆಯಲ್ಲಿ ಅನ್ನವೇ ಇಳಿಯದ ಸಮಯ. ಈ ವರ್ಷ ಹಬ್ಬ ನ್ಯೂಜೆರ್ಸಿಗೇ, ಹಡ್ಸನ್ ನದಿಯ ಈಚೆ ದಡದ ಒಂದು ಪಾರ್ಕಿಗೇ ಬಂತು. ಎಂಬತ್ತರ ಹತ್ತಿರ ಬಂದಿದ್ದ ಗಡ್ಡಪ್ಪ, ಇದೇ ತನ್ನ ಕೊನೆಯ ವೇದಿಕೆ ಎಂದು ಹೇಳಿಕೆ ಕೊಟ್ಟ. ಬಾಸ್ಟನ್ನಿನಲ್ಲಿ ಕೆಲಸದಲ್ಲಿರುವ ಮೇಘ ನಮ್ಮಿಬ್ಬರಿಗೂ ಪಟ್ಟಿ ತರಿಸಿಕೊಟ್ಟಳು.

"ನಾನ್ಯಾಕೇ? ನನ್ನ ಕಿವಿ ಚೆನ್ನಾಗಿರೋದು ನಿನಗೆ ಇಷ್ಟ ಇಲ್ವಾ?" ಅಂದೆ.

"ಮಾಮ್, ಹೀ ಕಾಂಟ್ ಗೋ ಅಲೋನ್. ಹೀ ವಿಲ್ ಕ್ರೈ," ಅಂದಳು.

ಇಷ್ಟರಲ್ಲಿ ಶೈಲಾಳ ಫೋನು ಬಂತು. ಶೈಲಾ ಮತ್ತು ಪ್ರಸನ್ನ ನಾವು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಿಂದ ನಮ್ಮ ಜೊತೆಗಿದ್ದವರು. ರಾಬಿನ್ಸ್‌ವಿಲ್‌ನಲ್ಲಿ ಹೊಸ ಮನೆ ಕೊಂಡಿದ್ದರು. ಗೃಹಪ್ರವೇಶ, ಜೊತೆಗೆ ಸತ್ಯನಾರಾಯಣ ಪೂಜೆ. ಯಾವ ದಿನ? ಅದೇ ಶನಿವಾರ. ಬೆಳಿಗ್ಗೆ ಒಂಬತ್ತೂವರೆಗೆ ಪೂಜೆ ಅಂದಳು. ಸಂಗೀತದ ಹಬ್ಬವೋ ಮಧ್ಯಾಹ್ನದ ಮೇಲೆ. ನಾನು ಲೆಕ್ಕ ಹಾಕಿ ಬರುತ್ತೇವೆ ಅಂದೆ. ಅಷ್ಟೇ ಆಗಿದ್ದರೆ ಸರಿ. ನಾಲಿಗೆ ಸುಮ್ಮನಿರದೆ, "ಸಪಾದ ನಾನೇ ಮಾಡ್ಕೊಂಡ್ ಬರ್ತೀನಿ, ಕೇಟರಿಂಗಿನವರಿಗೆ ಹೇಳ್ಬೇಡ," ಎಂದೂ ಸೇರಿಸಿದೆ. ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಎಲ್ಲವನ್ನೂ ಒಂದೂಕಾಲು ಅಳತೆ ಹಾಕಿ ಮಾಡುವ ಆ ಪ್ರಸಾದ ನನ್ನ ಕೈಯಲ್ಲಿ ಚೆನ್ನಾಗಾಗುತ್ತದೆ ಎಂದು ನಾಲ್ಕು ಜನ ಹೊಗಳಿದ್ದರು. ಹೊಗಳಿಕೆಯೇ ಹೊನ್ನಶೂಲ ಎಂದು ಸುಮ್ಮನೆ ಹೇಳಲಿಲ್ಲ ಹಿರಿಯರು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ತಪ್ಪೆಲ್ಲ ಇವರದೇ ಎಂದು ನೀವು ತಿಳಿದೀರಿ. ನಾನು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ರೈಲ್ವೆಯಲ್ಲಿದ್ದರು, ಆದ್ದರಿಂದಲೇ ನಮ್ಮ ಮನೆಯಲ್ಲಿ ಯಾರಿಗೂ ಟೈಂ ಟೇಬಲ್ಲಿನ ಮೇಲೆ ನಂಬಿಕೆಯಿರಲಿಲ್ಲ. ಗಣೇಶನ ಹಬ್ಬಕ್ಕೆ ಸ್ಟೇಷನ್ ಹಿಂದಿನ ಬಯಲಿನಲ್ಲಿ ಆರ್ಕೆಸ್ಟ್ರಾ ಇಡುತ್ತಿದ್ದರು. ಸಂಜೆ ಆರಕ್ಕೆ ಸರಿಯಾಗಿ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಿತ್ತು. ಆರಕ್ಕೆ ಅಲ್ಲಿ ಇರುತ್ತಿದ್ದದ್ದು ಶಾಮಿಯಾನದವನೂ ಎರಡು ನಾಯಿಯೂ. ಏಳಕ್ಕೆ "ಹಲೋ, ಮೈಕ್ ಟೆಸ್ಟಿಂಗ್" ಶುರುವಾಗುತ್ತಿತ್ತು. ಅದು ಕೇಳಿಸಿದ ಮೇಲೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಪ್ರಾರ್ಥನೆ, ಸ್ವಾಗತ, ಹಾರ, ಮುಖ್ಯ ಅತಿಥಿಗಳ ಎರಡು ಮಾತು, ಅಧ್ಯಕ್ಷರ ನಾಲ್ಕು ಮಾತು. ಇಷ್ಟೆಲ್ಲ ಆಗುವುದರೊಳಗೆ ನಾವು ಉಂಡು, ಎಲೆ ಎತ್ತಿ, ಅಮ್ಮ ಪಾತ್ರೆ ತೊಳೆದು ಬೋರಲು ಹಾಕಿ, ಚಾಪೆ ಸುತ್ತಿಕೊಂಡು ನಿಧಾನವಾಗಿ ಹೊರಡುತ್ತಿದ್ದೆವು. ಆಗಲೂ ನಮಗೆ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತಿತ್ತು. ಮಿಂಚುವ ಕೋಟಿನ ಗಾಯಕ ನಾವು ಬಂದು ಚಾಪೆ ಹಾಸಿದ ಮೇಲೇ ಹಾಡಿದ್ದು.

ಈ ವಿದ್ಯೆ ನನಗೆ ಅಮೆರಿಕದಲ್ಲೂ ಕೈಕೊಡಲಿಲ್ಲ. ನಮ್ಮ ಕನ್ನಡದವರ ಯಾವ ಸಮಾರಂಭಕ್ಕೆ ಯಾವಾಗ ಹೋದರೂ ದೀಪ ಹಚ್ಚಲು ಬೆಂಕಿಪೆಟ್ಟಿಗೆ ಹುಡುಕುತ್ತಿರುತ್ತಾರೆ. ಹನ್ನೆರಡು ವರ್ಷ ಸಾಂಸ್ಕೃತಿಕ ಸಮಿತಿಯಲ್ಲಿದ್ದು ಆ ಬೆಂಕಿಪೆಟ್ಟಿಗೆ ಹುಡುಕಿದವಳು ಬೇರೆ ಯಾರೂ ಅಲ್ಲ, ನಾನೇ. ಹಾಗಾಗಿ ಆ ಶನಿವಾರ ಬೆಳಿಗ್ಗೆ ಮೇಘ, "ಡ್ಯಾಡ್ಸ್ ಗೈ ಈಸ್ ಆನ್ ಅಟ್ ಫೋರ್ ಫಿಫ್ಟೀನ್. ಶಾರ್ಪ್!" ಎಂದು ಮೆಸೇಜು ಕಳಿಸಿದಾಗ ನನಗೆ ನಗು ಬಂತು. ನಾಲ್ಕೂಕಾಲು ಅಂದರೆ ಐದೂವರೆ ಎಂದು ಮನಸ್ಸಿನಲ್ಲೇ ತರ್ಜುಮೆ ಮಾಡಿಕೊಂಡು ರವೆ ಹುರಿಯಲು ನಿಂತೆ.

ಒಂಬತ್ತೂವರೆಗೆ ಶೈಲಾಳ ಮನೆಯಲ್ಲಿದ್ದೆವು. ಪುರೋಹಿತರು ಇರಲಿಲ್ಲ. ಇನ್ನೊಂದು ಕಡೆ ಹೋಮ ಮುಗಿಸಿ ಹೊರಟಿದ್ದಾರಂತೆ, ಟರ್ನ್‌ಪೈಕ್‌ನಲ್ಲಿ ಟ್ರಾಫಿಕ್ ಅಂತೆ, ಹತ್ತು ನಿಮಿಷವಂತೆ. ಆ ಹತ್ತು ನಿಮಿಷ ಮುಗಿಯುವಾಗ ಹನ್ನೊಂದೂಮುಕ್ಕಾಲು. ಬಂದವರೇ ಇವರ ಕೈಯ ಪಟ್ಟಿ ನೋಡಿ, "ಓಹೋ, ಕಂಕಣ ಕಟ್ಕೊಂಡಿದೀರಿ! ಹಾಗಾದ್ರೆ ಕಾರ್ಯ ಮುಗಿಯೋವರ್ಗೂ ಊರು ಬಿಡೋ ಹಾಗಿಲ್ಲ," ಎಂದು ತಮಾಷೆ ಮಾಡಿದರು. ಇವರು ನಗಲಿಲ್ಲ. ಗೋಡೆಗೆ ಒರಗಿ ಗಡಿಯಾರ ನೋಡುತ್ತಾ ನಿಂತರು.

ಕಥೆಯ ಐದೂ ಅಧ್ಯಾಯಗಳನ್ನು ಪುರೋಹಿತರು ಕನ್ನಡದಲ್ಲಿ ಓದಿ, ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಕಲಾವತಿ ಗಂಡನ ಹಡಗು ಬಂತೆಂದು ಪ್ರಸಾದ ತೆಗೆದುಕೊಳ್ಳದೆ ಓಡಿದಳು, ಹಡಗು ಮುಳುಗಿತು ಎಂಬ ಜಾಗಕ್ಕೆ ಬಂದಾಗ ಎರಡು ಗಂಟೆಯ ಹತ್ತಿರ. ಸರಿಯಾಗಿ ಆಗಲೇ ಇವರು ಹಿಂದಿನಿಂದ ಬಗ್ಗಿ ನನ್ನ ಕಿವಿಯಲ್ಲಿ, "ಹೊರಡೋಣ್ವಾ?" ಅಂದರು. ನನಗೆ ಮೈಯೆಲ್ಲ ಉರಿಯಿತು.

"ಕಥೆ ಕೇಳಿಸ್ತಾ ಇದ್ಯೋ ಇಲ್ವೋ ನಿಮಗೆ? ಪ್ರಸಾದ ತಗೊಳ್ದೆ ಹೋದ್ರೆ ಏನಾಗತ್ತೆ ಅಂತ ಅಲ್ಲಿ ಹೇಳ್ತಾ ಇದಾರೆ!"

"ನಾಲ್ಕೂಕಾಲಿಗೆ ಶುರು ವಸು."

"ನಿಮ್ಮ ಗಡ್ಡಪ್ಪ ಯಾವತ್ತು ಟೈಮಿಗೆ ಬಂದಿದ್ದಾನ್ರೀ? ನೀವೇ ಹೇಳಿದ್ದಲ್ವಾ, ಸಂಜೆ ಬರ್ಬೇಕಾದವನು ಮಾರನೇ ದಿನ ಬೆಳಿಗ್ಗೆ ಬಂದ ಅಂತ? ಊಟಿಯಿಂದ ಕೇಳ್ತಾ ಇದೀನಿ ನಾನು."

ಮೂವತ್ತೆರಡು ವರ್ಷದಲ್ಲಿ ಆ ಹಬ್ಬದ ವಿಷಯದಲ್ಲಿ ನಾನು ಗೆದ್ದದ್ದು ಅದೇ ಮೊದಲು. ಇತಿಹಾಸವೇ ನನ್ನ ಕಡೆ ಇತ್ತು, ಪಾಪ ಏನು ಹೇಳಿಯಾರು? ಮತ್ತೆ ಹೋಗಿ ಗೋಡೆಗೆ ಒರಗಿದರು. ನನಗೆ ಒಳಗೊಳಗೇ ಖುಷಿಯಾಯಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮಂಗಳಾರತಿ, ಪ್ರಸಾದ, ಊಟ. ಉಣ್ಣದೆ ಹೊರಟರೆ ಶೈಲಾ ಬಿಟ್ಟಾಳೆಯೇ? ಹೊಸಿಲಿನಲ್ಲಿ ಅರಿಸಿನ ಕುಂಕುಮ ಕೊಟ್ಟು, ಉಳಿದ ಸಪಾದವನ್ನು ಒಂದು ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, "ಮೇಘ ನಾಳೆ ಬರ್ತಾಳಲ್ಲ, ಅವಳಿಗೆ," ಎಂದು ಕೈಗಿಟ್ಟಳು. ಮೂರು ಗಂಟೆಗೆ ಕಾರು ಹತ್ತಿದೆವು. ಇವರು ಮೊದಲ ಸಲ ಸ್ಪೀಡ್ ಲಿಮಿಟ್ ಮೀರಿ ಓಡಿಸಿದ್ದನ್ನು ನೋಡಿದೆ. ಪಾರ್ಕಿನ ಹತ್ತಿರ ಕಾರು ಬಿಡುವುದಿಲ್ಲವಂತೆ, ಎಲ್ಲೋ ದೂರದ ಲಾಟಿನಲ್ಲಿ ನಿಲ್ಲಿಸಿ ಬಸ್ಸು ಹತ್ತಬೇಕಂತೆ. ಕಾರಿನಲ್ಲಿ ಡಬ್ಬಿ ಬಿಟ್ಟರೆ ಆ ಬಿಸಿಲಿಗೆ ಹಳಸುತ್ತದೆ ಎಂದು ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಚೀಲ ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಬೇರೆಯದನ್ನು ಒಳಗೆ ಬಿಡುವುದಿಲ್ಲ ಎಂದು ಮೇಘ ಕಳಿಸಿದ್ದು. ನನ್ನ ಬಾಚಣಿಗೆ, ಬಿ.ಪಿ. ಮಾತ್ರೆ, ಮಡಿಸಿದ ಕರ್ಚೀಫು ಊರಿಗೆಲ್ಲ ಕಾಣುವಂತೆ ಹೊತ್ತುಕೊಂಡು, ಕಾಂಜೀವರಂ ಸೀರೆಯಲ್ಲಿ ಟ್ಯಾಟೂ ಹುಡುಗರ ಮಧ್ಯೆ ಕ್ಯೂನಲ್ಲಿ ನಿಂತೆ.

ಗೇಟಿನ ಕ್ಯೂಗೆ ಸೇರಿದಾಗ ನಾಲ್ಕೂ ಇಪ್ಪತ್ತೈದು. ಒಳಗೆ ಗಿಟಾರಿನ ಸದ್ದು.

"ಮೈಕ್ ಟೆಸ್ಟಿಂಗ್ ಇರ್ಬೇಕು," ಅಂದೆ.

ಒಂದು ಹಾಡು ಮುಗಿಯಿತು, ಜನ ಕೂಗಿದರು. ಇನ್ನೊಂದು ಶುರುವಾಯಿತು. ಇಲ್ಲಿ ಸ್ವಾಗತ ಭಾಷಣ ಇರಲಿಲ್ಲ, ಮುಖ್ಯ ಅತಿಥಿ ಇರಲಿಲ್ಲ, ಬೆಂಕಿಪೆಟ್ಟಿಗೆ ಹುಡುಕುವವರೂ ಇರಲಿಲ್ಲ. ಎಂಬತ್ತರ ಮುದುಕ ನಾಲ್ಕೂಕಾಲಿಗೆ ಎಂದರೆ ನಾಲ್ಕೂಕಾಲಿಗೇ ಬಂದು ನಿಂತು ಹಾಡುತ್ತಿದ್ದ. ಮುಂದೆ ನಿಂತಿದ್ದ ಹುಡುಗಿ, ಅವನಿಗೆ ಕೊಟ್ಟಿರುವುದು ಅರ್ಧ ಗಂಟೆ ಮಾತ್ರ, ಅದಕ್ಕಿಂತ ಹೆಚ್ಚು ಹಾಡಲು ಅವನ ಡಾಕ್ಟರು ಬಿಡುತ್ತಿಲ್ಲ ಎಂದು ಪಕ್ಕದವಳಿಗೆ ಹೇಳಿದಳು.

ಕ್ಯೂ ಸರಿದು ಸರಿದು ನಮ್ಮ ಸರದಿ ಬಂತು. ಮೇಜಿನ ಹಿಂದೆ ಸೆಕ್ಯುರಿಟಿಯ ಒಬ್ಬಳು ದಪ್ಪನೆಯ ಹೆಂಗಸು, ನನ್ನ ವಯಸ್ಸಿನವಳೇ. ಇವರ ಕೈ ನೋಡಿ ಸರಿ, ಹೋಗಿ ಅಂದಳು. ನನ್ನ ಚೀಲದ ಡಬ್ಬಿ ತೋರಿಸಿ, "ನೋ ಔಟ್‌ಸೈಡ್ ಫುಡ್, ಮ್ಯಾಮ್," ಎಂದು ಪಕ್ಕದ ಕಸದ ಪೀಪಾಯಿಯ ಕಡೆ ಬೆರಳು ಮಾಡಿದಳು.

ಕಸದ ಪೀಪಾಯಿಗೆ ಸತ್ಯನಾರಾಯಣನ ಪ್ರಸಾದ! ಮುಳುಗಿದ ಹಡಗಿನ ಕಥೆ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. "ಇಟ್ ಈಸ್ ಗಾಡ್ಸ್ ಫುಡ್. ಐ ಕೆನಾಟ್ ಥ್ರೋ," ಅಂದೆ. ಅವಳು ನನ್ನನ್ನೂ ಡಬ್ಬಿಯನ್ನೂ ನೋಡಿ, ಬಿಸಾಡಲು ಆಗದಿದ್ದರೆ ಪಕ್ಕಕ್ಕೆ ನಿಂತು ತಿಂದು ಮುಗಿಸಿ ಎಂದಳು. ಅವಳ ತಪ್ಪೇನೂ ಇಲ್ಲ.

ಆಗ ಒಳಗಿನ ಸದ್ದು ನಿಂತಿತು. ಒಂದೇ ಒಂದು ತಂತಿ ಮೀಟಿದ ಹಾಗೆ ಕೇಳಿಸಿತು. ಇವರ ಮುಖ ನೋಡಿದೆ, ಗೊತ್ತಾಯಿತು.

"ಅದೇ ಹಾಡಾ?"

ತಲೆಯಾಡಿಸಿದರು.

"ನೀವು ಹೋಗ್ರೀ! ಓಡ್ರೀ! ನಾನು ತಿಂದು ಬರ್ತೀನಿ," ಎಂದು ತಳ್ಳಿದೆ. ಗೇಟು ನಾಲ್ಕು ಹೆಜ್ಜೆ ದೂರ, ಕೈಯಲ್ಲಿ ಪಟ್ಟಿ, ತಡೆಯುವವರು ಯಾರೂ ಇಲ್ಲ. ಇವರು ಗೇಟಿನ ಕಡೆ ನೋಡಿದರು. ಡಬ್ಬಿಯ ಕಡೆ ನೋಡಿದರು. "ಅಷ್ಟೂ ಒಬ್ಬಳೇ ತಿಂದ್ರೆ ನಿನ್ನ ಶುಗರ್ ಏನಾಗತ್ತೆ," ಎಂದು ನನ್ನ ಮುಂದೆ ಬಲಗೈ ಒಡ್ಡಿ ನಿಂತರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮಗೆ ತುತ್ತು ಬಾಯಿಗೆ ಬಂದದ್ದೇ ತೊಂದರೆಯಾಯಿತು. ನಾನು ಗಾಬರಿಯಲ್ಲಿ ಬಾಚಿ ಬಾಚಿ ಹಾಕಿದೆ, ಇವರು ನುಂಗಿದರು. ಶೈಲಾ ಅದೆಷ್ಟು ಒತ್ತಿ ತುಂಬಿದ್ದಳೋ, ಡಬ್ಬಿಯ ತಳವೇ ಕಾಣದು. "ಬೇಗ ತಿನ್ರೀ, ಮುಗಿದುಹೋಗತ್ತೆ!" ಎಂದು ನಾನು. ಬಾಯಿ ತುಂಬ ಸಪಾದವಿದ್ದವರು ಮಾತಾಡುವುದು ಹೇಗೆ? ಕೊನೆಗೆ ನಾನೇ ಕ್ಯೂನಲ್ಲಿದ್ದವರ ಕಡೆ ತಿರುಗಿ, "ಪ್ಲೀಸ್, ರೈಟ್ ಹ್ಯಾಂಡ್, ರೈಟ್ ಹ್ಯಾಂಡ್," ಎಂದು ಹಂಚತೊಡಗಿದೆ. ಮೂಗಿಗೆ ರಿಂಗು ಹಾಕಿದ ಹುಡುಗ ತೆಗೆದುಕೊಂಡ, ಹಸಿರು ಕೂದಲಿನ ಹುಡುಗಿ ಎರಡು ಸಲ ತೆಗೆದುಕೊಂಡಳು. ಆ ಸೆಕ್ಯುರಿಟಿಯವಳೂ ಕೈಗವಸು ತೆಗೆದು ಕೈ ಚಾಚಿದಳು. ಡಬ್ಬಿ ಖಾಲಿಯಾಯಿತು. ಒಳಗೆ ಜನ ಹುಚ್ಚು ಹಿಡಿದವರ ಹಾಗೆ ಕೂಗಿದರು, ಆ ಕೂಗು ನಿಲ್ಲಲೇ ಇಲ್ಲ.

ನಾವು ಒಳಗೆ ಹೋದಾಗ ವೇದಿಕೆಯ ಮೇಲೆ ಇಬ್ಬರು ವೈರು ಸುತ್ತುತ್ತಿದ್ದರು. ಗಡ್ಡಪ್ಪ ಹೋಗಿಬಿಟ್ಟಿದ್ದ. "ತಪ್ಪು ನನ್ನದು ರೀ," ಅಂದೆ. "ಬಾ, ನೀರು ಕುಡಿಯೋಣ, ತುಂಬಾ ಸಿಹಿ ಆಯ್ತು," ಅಂದರು. ಮುಂದಿನ ತಂಡದ ಹುಡುಗರು ಬಂದು ಕಿರುಚಲು ಶುರು ಮಾಡಿದರು. ನಾವು ಮನೆಗೆ ಬಂದೆವು.

ದಾರಿಯಲ್ಲಿ ಇವರು ಒಂದು ಮಾತೂ ಆಡಲಿಲ್ಲ. ಬಾಯಿ ಮುಚ್ಚಿಕೊಂಡಿರಿ ಎಂದು ಮೂವತ್ತೆರಡು ವರ್ಷ ಗೋಗರೆದವಳಿಗೆ ಆ ಮೌನ ಸಿಕ್ಕಿತು, ತಡೆಯಲಾಗಲಿಲ್ಲ. ಆ ಮೇಲೂ ಅಷ್ಟೆ. ಮೂರು ತಿಂಗಳು ಹಬ್ಬದ ಸುದ್ದಿ ಇಲ್ಲ. ಒಂದು ಸಲ ಜಗಳವಾಡಿಬಿಟ್ಟಿದ್ದರೆ ಸಾಕಿತ್ತು. ಇವರು ಮೊಸರು ತರುತ್ತಿದ್ದರು, ಟೊಮ್ಯಾಟೊಗೆ ನೀರು ಹಾಕುತ್ತಿದ್ದರು, ಚೆನ್ನಾಗಿಯೇ ಇದ್ದರು. ಅದು ನನ್ನನ್ನು ಇನ್ನೂ ಸುಟ್ಟಿತು. ಆಫೀಸಿಗೆ ಹೋಗುವಾಗ ದಿನಾ ಕಾರಿನಲ್ಲಿ ಅದೇ ಯೋಚನೆ. ಜೀವಮಾನದಲ್ಲಿ ಒಂದೇ ಒಂದು ಕೇಳಿದ್ದ ಮನುಷ್ಯನಿಗೆ ನಾನು ಅದನ್ನೂ ತಪ್ಪಿಸಿದೆ.

ಹೋದ ಶನಿವಾರ ದೀಪಾವಳಿಯ ಊಟಕ್ಕೆ ನಾಲ್ಕು ಮನೆಯವರು ನಮ್ಮಲ್ಲಿ ಸೇರಿದ್ದರು. ನಾನು ಸಾರು ಬಡಿಸುತ್ತಿದ್ದೆ. ಪ್ರಸನ್ನ ಎಲ್ಲರ ಮುಂದೆ, "ಏನ್ ಸಾರ್, ನಮ್ಮನೆ ಪೂಜೆಯಿಂದ ಲೇಟಾಗ್ಲಿಲ್ಲ ತಾನೇ? ಕೊನೆಗೂ ನಿಮ್ಮ ಹೀರೋನ ನೋಡಿದ್ರಾ?" ಎಂದು ಕೇಳಿದ. ಶೈಲಾಳೂ ತಲೆಯೆತ್ತಿ ನೋಡಿದಳು.

"ನೋಡ್ದೆ ಇರ್ತೀವಾ? ಎದುರಿಗೇ. ಮೂರನೇ ಸಾಲು. ಅದ್ಭುತ!" ಅಂದರು ಇವರು.

ಡೆಂಟಿಸ್ಟಿನ ಕುರ್ಚಿಯಲ್ಲಿ ಬಾಯಿಂದ ಹತ್ತಿ ಕಿತ್ತು ಸತ್ಯಕ್ಕಾಗಿ ಹೋರಾಡಿದ ಮನುಷ್ಯ! ಶೈಲಾ ನೊಂದುಕೊಳ್ಳಬಾರದು, ನಾನು ತಲೆ ತಗ್ಗಿಸಬಾರದು ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಸುಳ್ಳು ಹೇಳ್ಬೇಡ್ರೀ!" ಎಂದು ಕೂಗಿಯೇ ಬಿಟ್ಟೆ. "ಹಾಡು ಮುಗಿಯೋವರ್ಗೂ ನಾವು ಒಳಗೇ ಹೋಗ್ಲಿಲ್ಲ. ಬೇಲಿ ಹೊರಗೆ ನಿಂತು ಪ್ರಸಾದ ತಿಂತಾ ಇದ್ವಿ. ಒಂದು ಹಾಡಿಗೋಸ್ಕರ ನಲವತ್ತು ವರ್ಷ ಕಾದ್ರು ಇವರು. ಅದರಲ್ಲಿ ಅರ್ಧ ಕೂಡ ಕೇಳಲಿಲ್ಲ, ನನ್ನಿಂದ."

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ನನ್ನ ಕಣ್ಣಿನಿಂದ ನೀರು ಬರುತ್ತಿತ್ತು. ಇವರು ಮಾತ್ರ ಹುಬ್ಬು ಗಂಟು ಹಾಕಿ, ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ನೋಡುವ ಮೇಷ್ಟ್ರ ಹಾಗೆ ನನ್ನನ್ನು ನೋಡಿದರು.

"ಬೇಲಿ ಅಲ್ಲ ಕಣೇ, ಉತ್ತರದ ಗೇಟು," ಅಂದರು. "ಮತ್ತೆ ಅರ್ಧ ಅಂತ ಯಾರು ಹೇಳಿದ್ದು? ಪೂರ್ತಿ ಕೇಳಿದೆ. ಮೊದಲನೇ ತಂತಿಯಿಂದ ಕೊನೇ ಮಾತಿನವರೆಗೆ. ಕ್ಯಾಸೆಟ್ಟಿನಲ್ಲಿ ಅವನ ಮಾತೇ ಸರಿಯಾಗಿ ತಿಳೀತಿರ್ಲಿಲ್ಲ, ಅಲ್ಲಿ ಒಂದೊಂದೂ ತಿಳೀತು. ನೀನು ಕೈಗೆ ಹಾಕ್ತಾನೇ ಇದ್ದೆ, ನಾನು ತಿಂತಾ ಕೇಳ್ತಾ ಇದ್ದೆ. ನಡುವೆ ಮಾತಾಡ್ತಾ ಇದ್ದವಳು ನೀನೊಬ್ಬಳೇ."

ಮೂರು ತಿಂಗಳು! ಇದನ್ನು ಅವತ್ತೇ ಕಾರಿನಲ್ಲಿ ಹೇಳಲು ಈ ಮನುಷ್ಯನಿಗೆ ಏನಾಗಿತ್ತು ಎಂದು ನಾನು ಎಲ್ಲರ ಎದುರಿಗೇ ಕೇಳಿದೆ.

"ನೀನು ಕೇಳ್ಲಿಲ್ವಲ್ಲ," ಅಂದರು.